ನೀರು ಕೇಳಿ ಬಂದವನು

ನಾನು ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ನರ್ಸಮ್ಮನಾಗಿ ಕೆಲಸ ಮಾಡಿದವಳು. ತುರುವೇಕೆರೆ, ತಿಪಟೂರು ತಾಲ್ಲೂಕಿನ ಹಳ್ಳಿಗಳಲ್ಲಿ ಎಷ್ಟು ಹೆರಿಗೆ ಮಾಡಿಸಿದ್ದೇನೋ, ಎಷ್ಟು ಹೆಣಗಳ ಕಣ್ಣು ಮುಚ್ಚಿದ್ದೇನೋ ಲೆಕ್ಕವಿಲ್ಲ. ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪಿನಲ್ಲಿ ಏಟು ತಿನ್ನುತ್ತಿದ್ದ ಹುಡುಗಿಯರಿಗೆ ರಕ್ತ ಕಡಿಮೆ ಇದೆ ಕಣ್ರೀ ಅಂತ ಹೇಳಿ, ಮಾತ್ರೆ ಕೊಟ್ಟು ಸರಿ ಮಾಡಿದ್ದೇನೆ. ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಹೆಣದ ಪಕ್ಕ ರಾತ್ರಿಯಿಡೀ ಕೂತಿದ್ದರೂ ಒಂದು ದಿನವೂ ಏನೂ ಕಂಡವಳಲ್ಲ ನಾನು. ಆದ್ದರಿಂದ ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೂ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ಇದು ನಡೆದದ್ದು ರಾತ್ರಿಯಲ್ಲಿ ಅಲ್ಲ, ಮಟಮಟ ಮಧ್ಯಾಹ್ನದಲ್ಲಿ. ಕೊರೊನಾ ಬಂದು ಎಲ್ಲ ಮುಚ್ಚಿಸಿದ ವರ್ಷ. ನಾನಿನ್ನೂ ಕೆಲಸದಲ್ಲಿದ್ದೆ.

ನಮ್ಮದು ತೋಟದ ಮನೆ. ತಿಪಟೂರಿಗೂ ಅರಳಗುಪ್ಪೆಗೂ ನಡುವೆ, ರೈಲು ಹಳಿಯಿಂದ ಎರಡು ಹೊಲ ಈಚೆಗೆ. ನಾನು ಒಬ್ಬಳೇ ಮಗಳಾದ್ದರಿಂದ ಮದುವೆಯಾದ ಮೇಲೂ ಅಲ್ಲೇ ಉಳಿದೆವು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಮತ್ತೆ ಪುಟ್ಟತ್ತೆ. ಪುಟ್ಟತ್ತೆ ಅಂದರೆ ನಮ್ಮಪ್ಪನ ಅಕ್ಕ. ಚಿಕ್ಕನಾಯಕನಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು, ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ವಾಪಸ್ ಬಂದವಳು. ನನ್ನನ್ನು ಎತ್ತಿ ಆಡಿಸಿದವಳು. ಆ ವರ್ಷ ಅವಳಿಗೆ ತೊಂಬತ್ತು ದಾಟಿತ್ತು. ಕಣ್ಣು ಚೆನ್ನಾಗಿತ್ತು, ಹಲ್ಲಿರಲಿಲ್ಲ, ಕಿವಿಯಂತೂ ಪೂರ್ತಿ ಹೋಗಿತ್ತು. ಪಕ್ಕದಲ್ಲಿ ಕುಕ್ಕರ್ ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಕಿವಿಗೇ ಬಾಯಿಟ್ಟು ಕಿರುಚಬೇಕಿತ್ತು.

ಆಗ ರೈಲು ನಿಂತಿತ್ತು. ಬಸ್ಸೂ ಇಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಗದಗ, ಕೊಪ್ಪಳದ ಕಡೆಯ ಜನ ಹಳಿ ಹಿಡಿದು ನಡೆದೇ ಊರಿಗೆ ಹೊರಟಿದ್ದರು. ಗುಂಪು ಗುಂಪಾಗಿ, ತಲೆ ಮೇಲೆ ಗಂಟು, ಕೈಯಲ್ಲಿ ನೀರಿನ ಬಾಟಲಿ. ನನ್ನ ಕೆಲಸವೇನೆಂದರೆ ಹೊರಗಿನಿಂದ ಬಂದವರ ಕೈಗೆ ಸೀಲ್ ಒತ್ತುವುದು, ಅವರ ಮನೆ ಬಾಗಿಲಿಗೆ ಚೀಟಿ ಅಂಟಿಸುವುದು, ಹದಿನಾಲ್ಕು ದಿನ ಹೊರಗೆ ಬಂದರೆ ಕೇಸ್ ಹಾಕುತ್ತಾರೆ ಅಂತ ಹೆದರಿಸುವುದು. ಬಾಣಂತಿ ನೋಡಲು ಹೋದಾಗ ಮಜ್ಜಿಗೆ ಕೊಟ್ಟು ಕೂರಿಸುತ್ತಿದ್ದ ಮನೆಯವರೇ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೂ ಭಯವಿತ್ತು. ನನ್ನ ಭಯ ನನ್ನ ಬಗ್ಗೆ ಅಲ್ಲ. ನಾನೇ ಆ ಕಾಯಿಲೆ ಹೊತ್ತು ತಂದು ಪುಟ್ಟತ್ತೆಗೆ ಅಂಟಿಸಿಬಿಟ್ಟರೆ ಅಂತ.

ಅವತ್ತು ಒಂದೂವರೆ ಹೊತ್ತಿಗೆ ಕೆಲಸ ಮುಗಿಸಿ ಬಂದು, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ ಹೊರಗೆ ಬಂದಿದ್ದೆ. ಕರೆಂಟ್ ಬಂದಿದ್ದರಿಂದ ಯಜಮಾನರು ಕೆಳಗಿನ ತೋಟಕ್ಕೆ ಮೋಟರ್ ಹಾಕಲು ಹೋಗಿದ್ದರು. ಪುಟ್ಟತ್ತೆ ಹಿಂದಿನ ಕೋಣೆಯಲ್ಲಿ ಮಲಗಿದ್ದಳು.

ಗೇಟಿನ ಆಚೆ ಒಬ್ಬ ನಿಂತಿದ್ದ.

ಎತ್ತರದ ಆಳು, ಬಡಕಲು. ಮುಖದ ಮೇಲೆ ಗಡ್ಡ, ಗಡ್ಡದ ಮೇಲೆ ಧೂಳು. ಬಿಸಿಲಿಗೆ ಮುಖ ಕೆಂಪಗೆ ಸುಟ್ಟಿತ್ತು. ಕಾಲಿಗೆ ಚಪ್ಪಲಿ ಇರಲಿಲ್ಲ, ಬಟ್ಟೆ ಸುತ್ತಿಕೊಂಡಿದ್ದ. ಮಾಸ್ಕ್ ಇರಲಿಲ್ಲ. ಕೈಯಲ್ಲಿ ಗಂಟಿಲ್ಲ, ಚೀಲವಿಲ್ಲ, ಒಂದು ಬಾಟಲಿ ಕೂಡ ಇಲ್ಲ. ಅದೊಂದು ನನಗೆ ಆಗಲೇ ವಿಚಿತ್ರ ಅನಿಸಿತ್ತು. ಗೇಟಿನ ಸರಳು ಹಿಡಿದುಕೊಂಡು ನನ್ನನ್ನು ನೋಡಿ, "ಅಕ್ಕವ್ವಾ" ಅಂದ. ನನಗೆ ಕೇಳಿಸಿದ್ದು ಹಾಗೆ.

ಉತ್ತರದ ಕಡೆಯವರು ಹೆಂಗಸರನ್ನು ಹಾಗೆ ಕರೆಯುವುದನ್ನು ಕೇಳಿದ್ದೆ. ಹಳಿ ಬಿಟ್ಟು ದಾರಿ ತಪ್ಪಿ ಬಂದಿದ್ದಾನೆ ಅಂದುಕೊಂಡೆ. ಇದ್ದಲ್ಲಿಂದಲೇ, "ಎಲ್ಲಿಂದ ಬಂದ್ಯಪ್ಪಾ? ಇಲ್ಲಿ ನಿಲ್ಬೇಡ. ಮುಂದೆ ರೋಡಲ್ಲಿ ಚೆಕ್‌ಪೋಸ್ಟ್ ಐತೆ, ಅಲ್ಲಿ ಊಟ ಕೊಡ್ತಾರೆ, ಹೋಗು" ಅಂದೆ. ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ಮತ್ತೆ ಅದನ್ನೇ ಅಂದ. ಆಮೇಲೆ ಪಕ್ಕಕ್ಕೆ ತಿರುಗಿ, ನಮ್ಮ ದನದ ಕೊಟ್ಟಿಗೆ ಮೇಲೆ ಎಲ್ಲೋ ಕಣ್ಣು ನೆಟ್ಟು, ಅಲ್ಲಿಗೆ ಬೆರಳು ತೋರಿಸಿದ. ನಾನೂ ನೋಡಿದೆ. ಕೊಟ್ಟಿಗೆಯ ತಗಡಿನ ಮೇಲೆ ಏನೂ ಇರಲಿಲ್ಲ. ಬರೀ ಆಕಾಶ.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಒಡೆದ ತುಟಿ, ಬೆವರೇ ಇಲ್ಲದ ಮುಖ, ಇಲ್ಲದ್ದನ್ನು ತೋರಿಸುವ ಕೈ. ಬಿಸಿಲು ಹೊಡೆದಿದೆ, ಮೈಯಲ್ಲಿ ನೀರಿಲ್ಲ ಅಂತ ಒಬ್ಬ ನರ್ಸಿಗೆ ಗೊತ್ತಾಗಲು ಇಷ್ಟು ಸಾಕು. ನನಗೆ ಗೊತ್ತಾಯಿತು. ಬಾಗಿಲ ಪಕ್ಕದಲ್ಲೇ ಕೊಡಪಾನದ ತುಂಬ ನೀರಿತ್ತು. ಒಂದು ಚೊಂಬು ತುಂಬಿ ಗೇಟಿನ ಹತ್ತಿರ ಇಟ್ಟು ಹಿಂದಕ್ಕೆ ಬಂದಿದ್ದರೂ ಆಗುತ್ತಿತ್ತು. ಅದನ್ನೂ ಮಾಡಲಿಲ್ಲ. "ಹೋಗು ಅಂದೆನಲ್ಲಪ್ಪಾ!" ಅಂತ ಗದರಿ, ಒಳಗೆ ಹೋಗಿ ಚಿಲಕ ಹಾಕಿ, ದಿನಾ ಮಾಡುವ ನಂಬರಿಗೆ ಫೋನ್ ಮಾಡಿದೆ. ಹೊರಗಿನವನೊಬ್ಬ ಬಂದಿದ್ದಾನೆ, ಹುಷಾರಿಲ್ಲದವನ ಹಾಗಿದ್ದಾನೆ, ಕರೆದುಕೊಂಡು ಹೋಗಿ ಅಂದೆ. ಒಂದು ನಿಮಿಷ ಮಾತಾಡಿರಬಹುದು. ಕಿಟಕಿಯಿಂದ ನೋಡಿದರೆ ಗೇಟಿನ ಹತ್ತಿರ ಯಾರೂ ಇಲ್ಲ. ನಮ್ಮ ಗೇಟಿನಿಂದ ಹಳಿಯವರೆಗೂ ಗಾಡಿ ದಾರಿ ನೆಟ್ಟಗಿದೆ, ಎರಡೂ ಕಡೆ ಉತ್ತ ಹೊಲ. ಆ ಕಾಲಿನಲ್ಲಿ ಒಂದು ನಿಮಿಷಕ್ಕೆ ಯಾರೂ ಅಷ್ಟು ದೂರ ದಾಟಲಾರರು.

ಅಷ್ಟರಲ್ಲಿ ಪುಟ್ಟತ್ತೆ ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಳು. ಸೆರಗು ಜಾರಿತ್ತು, ಕಣ್ಣು ಅಗಲವಾಗಿತ್ತು.

"ಯಾರೇ ಅದು ನೀರು ಕೇಳ್ತಿರೋದು?" ಅಂದಳು.

ನನಗೆ ಸ್ವಲ್ಪ ಗಾಬರಿಯಾಯಿತು. ನನಗೆ ತಿಳಿದ ಮಟ್ಟಿಗೆ ಅವನು ನೀರೇ ಕೇಳಿರಲಿಲ್ಲ. ಕೇಳಿದ್ದರೂ ಇವಳಿಗೆ ಕೇಳಿಸುವ ಹಾಗಿರಲಿಲ್ಲ. ಕನಸು ಬಿದ್ದಿರಬೇಕು ಅಂದುಕೊಂಡು ಅವಳ ಕಿವಿಗೆ ಬಾಯಿಟ್ಟು, "ಯಾರೋ ನಡ್ಕೊಂಡು ಹೋಗೋರು ಅತ್ತೆ, ಹೋದ್ರು" ಅಂದೆ.

"ನೀರು ಕೊಟ್ಟೆಯೇನೇ?"

"ಕೊಟ್ಟೆ ಕಣತ್ತೆ, ಬುಡು."

ಯಾಕೆ ಹಾಗಂದೆನೋ. ಇಲ್ಲ ಅಂದಿದ್ದರೆ ಅವಳೇ ಚೊಂಬು ಹಿಡಿದು ಹೊರಗೆ ಹೊರಡುತ್ತಿದ್ದಳು. ತಡೆಯಲು ಬಾಯಿಗೆ ಬಂದ ಸುಳ್ಳು ಅದು. ಎಷ್ಟೋ ಮನೆಗಳಲ್ಲಿ ಏನೂ ಆಗಲ್ಲ ಅಂತ ಸುಳ್ಳು ಹೇಳಿದ ಬಾಯಿಗೆ ಇದೇನೂ ದೊಡ್ಡದಾಗಿ ಕಾಣಲಿಲ್ಲ. ಆದರೆ ಪುಟ್ಟತ್ತೆ ಇದ್ದಲ್ಲೇ ಕುಸಿದು ಕೂತು ಅಳಲು ಶುರುಮಾಡಿದಳು. ನಮ್ಮಪ್ಪ ಸತ್ತಾಗಲೂ ಅವಳು ಹಾಗೆ ಅತ್ತವಳಲ್ಲ.

ಅರ್ಧ ಗಂಟೆಯಲ್ಲಿ ಜೀಪು ಬಂತು. ನಮ್ಮ ಆರೋಗ್ಯ ನಿರೀಕ್ಷಕರು, ಒಬ್ಬ ಪೊಲೀಸು. ಕೊಟ್ಟಿಗೆ, ಪಂಪ್‌ಹೌಸ್, ತೋಟ ಎಲ್ಲ ನೋಡಿದರು. "ಮೇಡಂ, ನಾವು ಇದೇ ದಾರೀಲಿ ಬಂದಿದ್ದು, ಒಂದು ನರಪಿಳ್ಳೆನೂ ಇಲ್ಲ ಕಣ್ರೀ" ಅಂದ ಪೊಲೀಸು. ನಿರೀಕ್ಷಕರು ನನ್ನ ಮುಖ ನೋಡಿ, ಎರಡು ದಿನ ರಜೆ ಹಾಕಮ್ಮ ಅಂದರು. ಯಜಮಾನರೂ ಅಷ್ಟು ಹೊತ್ತಿಗೆ ಬಂದರು. ಅವರಿಗೂ ಯಾರೂ ಸಿಕ್ಕಿರಲಿಲ್ಲ.

ಸಂಜೆ ಪುಟ್ಟತ್ತೆಗೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ. ನಾನೇನೂ ಕೇಳಲಿಲ್ಲ, ಅವಳೇ ಹೇಳತೊಡಗಿದಳು.

ನಮ್ಮ ತಾತ ಯುದ್ಧದ ಕಾಲದಲ್ಲಿ ಶತ್ರು ಸಿಪಾಯಿಯೊಬ್ಬನನ್ನು ಹಿಡಿದುಕೊಟ್ಟಿದ್ದ ಅನ್ನುವುದು ನಮ್ಮ ಮನೆಯ ಹೆಮ್ಮೆಯ ಸಂಗತಿ. ಸರ್ಕಾರದ ಮೊಹರು ಇದ್ದ ಒಂದು ಕಾಗದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ನೆಂಟರು ಬಂದಾಗ ನಮ್ಮಪ್ಪ ಅದನ್ನು ತೋರಿಸುತ್ತಿದ್ದ. ಆಗ ಬೆಂಗಳೂರಿನ ಆಚೆ ಬಯಲಲ್ಲಿ ಮುಳ್ಳುತಂತಿ ಸುತ್ತಿ, ಆಫ್ರಿಕಾದ ಯುದ್ಧದಲ್ಲಿ ಸೆರೆ ಸಿಕ್ಕ ಇಟಲಿಯ ಸಿಪಾಯಿಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ್ದರಂತೆ. ವರ್ಷಗಟ್ಟಲೆ. ಅವರಲ್ಲಿ ಒಬ್ಬ ತಪ್ಪಿಸಿಕೊಂಡು ಬಂದು ನಮ್ಮ ತಾತನ ಕೈಗೆ ಸಿಕ್ಕ. ನನಗೆ ಗೊತ್ತಿದ್ದದ್ದು ಇಷ್ಟೇ. ಪುಟ್ಟತ್ತೆ ಹೇಳಿದ್ದು ಬೇರೆ.

ಅವಳಿಗೆ ಆಗ ಹದಿಮೂರು. ಹಳೇ ಮನೆಯಲ್ಲಿ ಕೊಬ್ಬರಿ ಅಟ್ಟವಿತ್ತು. ಸಿಪ್ಪೆ ಸಮೇತ ಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲಿ ಹಾಕಿಟ್ಟರೆ ಒಳಗಿನ ನೀರು ಹಿಂಗಿ ಉಂಡೆ ಕೊಬ್ಬರಿಯಾಗುತ್ತದೆ. ಒಂದು ದಿನ ಏಣಿ ಹತ್ತಿ ಹೋದವಳಿಗೆ ಕಾಯಿ ರಾಶಿಯ ಹಿಂದೆ ಅವನು ಮಲಗಿದ್ದದ್ದು ಕಂಡಿತು. ಸಾಮಾನು ರೈಲಿನಲ್ಲಿ ಅಡಗಿಕೊಂಡು ಬಂದು, ಇಲ್ಲೆಲ್ಲೋ ಹಾರಿ ಕಾಲು ಉಳುಕಿಸಿಕೊಂಡಿದ್ದ. ಹೆದರಿ ಕಿರುಚಬೇಕು ಅನ್ನುವಷ್ಟರಲ್ಲಿ ಅವನು ಕೈಮುಗಿದನಂತೆ.

"ಸುತ್ತ ಸಾವಿರ ಕಾಯಿ ಐತೆ ಕಣೇ, ಒಂದನ್ನೂ ಒಡೆಯಕ್ಕಾಗಲ್ಲ ಅವನಿಗೆ. ಮಚ್ಚಿಲ್ಲ, ಏನಿಲ್ಲ. ನಾಲಿಗೆ ಹೊರಗೆ ಬಂದಿತ್ತು. ಅಕ್ವಾ, ಅಕ್ವಾ ಅಂತಿದ್ದ. ನಂಗೆ ಗೊತ್ತಾಗ್ಲಿಲ್ಲ. ಆಮೇಲೆ ಕೈ ಬಾಯಿಗಿಟ್ಟು ತೋರಿಸ್ದ. ಅವರ ಮಾತಲ್ಲಿ ನೀರಿಗೆ ಹಂಗಂತಾರೆ ಕಣೇ."

ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಮಧ್ಯಾಹ್ನ ಬಂದವನು ಗೇಟಿನ ಬಳಿ ಏನಂದ ಅನ್ನುವುದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಎರಡು ದಿನ ಅವಳು ಯಾರಿಗೂ ಕಾಣದ ಹಾಗೆ ಚೊಂಬಿನಲ್ಲಿ ನೀರು, ಸೆರಗಿನಲ್ಲಿ ಮುದ್ದೆ ಕಟ್ಟಿಕೊಂಡು ಹೋಗಿ ಕೊಟ್ಟಳಂತೆ. ಅವನು ಇದ್ದಿಲ ಚೂರಿನಲ್ಲಿ ಅಟ್ಟದ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ. ಸಾಲು ಸಾಲು ಮನೆ, ಸುತ್ತ ಗೆರೆ, ಗೆರೆಯೊಳಗೆ ಒಂದು ಸಣ್ಣ ಮನುಷ್ಯ. ಆಮೇಲೆ ಆ ಮನುಷ್ಯನನ್ನು ಹೆಬ್ಬೆರಳಲ್ಲಿ ಒರೆಸಿ ಗೆರೆಯ ಆಚೆ ಬರೆದ. ಬರೆದು ನಕ್ಕ. ಗೋವಾ, ಗೋವಾ ಅನ್ನುತ್ತಿದ್ದನಂತೆ. ಗೋವಾ ಆಗ ಬೇರೆಯವರ ಆಳ್ವಿಕೆಯಲ್ಲಿತ್ತು, ಯುದ್ಧಕ್ಕೆ ಸೇರಿರಲಿಲ್ಲ, ಅಲ್ಲಿ ಮುಟ್ಟಿದರೆ ಬದುಕಿಕೊಳ್ಳಬಹುದು ಅಂತ ಇರಬೇಕು. ಅವನ ಅಂಗಿಯ ಬೆನ್ನಿಗೆ ಬೇರೆ ಬಣ್ಣದ ಬಟ್ಟೆ ತುಂಡು ಹೊಲಿದಿತ್ತು, ಸೆರೆಯವನು ಅಂತ ದೂರದಿಂದಲೇ ಗೊತ್ತಾಗಲಿ ಅಂತ.

ಮೂರನೇ ದಿನ ಊರಲ್ಲಿ ತಮಟೆ ಹೊಡೆಸಿದರು. ಸೆರೆಯವರು ಓಡಿಹೋಗಿದ್ದಾರೆ, ಯಾರಾದರೂ ಮನೆಯಲ್ಲಿಟ್ಟುಕೊಂಡಿದ್ದರೆ ಅವರನ್ನೂ ಜೈಲಿಗೆ ಹಾಕುತ್ತಾರೆ ಅಂತ. ತನ್ನ ಅಪ್ಪನನ್ನು ಎಳೆದುಕೊಂಡು ಹೋಗುತ್ತಾರೆ ಅನ್ನುವ ಭಯಕ್ಕೆ ಪುಟ್ಟತ್ತೆಯೇ ಹೋಗಿ ತಾತನಿಗೆ ಹೇಳಿಬಿಟ್ಟಳು.

"ನಾನೇ ಹೇಳಿದ್ದು ಕಣೇ. ಅಪ್ಪ ಹಿಡ್ಕೊಟ್ಟ ಅಂತೀರಲ್ಲ ಎಲ್ಲಾ, ಹಿಡ್ಕೊಟ್ಟೋಳು ನಾನು."

ತಾತ ಕೆಟ್ಟವನಲ್ಲ. ಹೆದರಿದವನು. ಏಣಿ ತೆಗೆದು ಹೊರಗೆ ಹಾಕಿ, ಕೋಣೆಗೆ ಬೀಗ ಜಡಿದು, ಗಾಡಿ ಕಟ್ಟಿಕೊಂಡು ತಿಪಟೂರಿಗೆ ಹೋದ. ನಾನು ಬರುವವರೆಗೂ ಯಾರೂ ಬೀಗ ಮುಟ್ಟಬಾರದು, ನೀರೂ ಕೊಡಬಾರದು ಅಂತ ಹೇಳಿ ಹೋದ. ತಾತ ಪೊಲೀಸರ ಜೊತೆ ವಾಪಸಾಗಿದ್ದು ಮಾರನೇ ದಿನ ಮಧ್ಯಾಹ್ನ. ಅಲ್ಲಿಯವರೆಗೂ ಮೇಲಿನಿಂದ ಆ ಒಂದೇ ಮಾತು ಕೇಳುತ್ತಿತ್ತಂತೆ. ಜೊತೆಗೆ ದಬ್, ದಬ್ ಅಂತ ಸದ್ದು. ಕಾಯಿಯನ್ನು ಗೋಡೆಗೆ ಬಡಿದು ಒಡೆಯಲು ನೋಡುತ್ತಿದ್ದ. ನಮ್ಮಜ್ಜಿ ಒಲೆ ಮುಂದೆ ಕಿವಿ ಮುಚ್ಚಿಕೊಂಡು ಕೂತಿದ್ದಳಂತೆ. ಬೆಳಗಿನ ಜಾವಕ್ಕೆ ಬಡಿಯುವುದು ನಿಂತಿತು.

ಪೊಲೀಸರು ಅವನನ್ನು ಇಬ್ಬರು ಹಿಡಿದು ಇಳಿಸಿದರು. ಪುಟ್ಟತ್ತೆ ಕಂಬದ ಮರೆಯಲ್ಲಿ ನಿಂತಿದ್ದಳು. ಅವನು ಅವಳನ್ನು ನೋಡಿದ.

"ಬಯ್ಯೋ ಥರ ನೋಡ್ಲಿಲ್ಲ ಕಣೇ. ಹಂಗಾದ್ರೂ ನೋಡಿದ್ರೆ ಆಗ್ತಿತ್ತು. ಆಗ್ಲೂ ಕೈನ ಬಾಯಿಗಿಟ್ಟು ನೀರೇ ಕೇಳ್ದ. ಚೊಂಬು ಪಕ್ಕದಲ್ಲೇ ಇತ್ತು. ಅಷ್ಟು ಜನದ ಮುಂದೆ ನಂಗೆ ಧೈರ್ಯ ಬರ್ಲಿಲ್ಲ."

ಗಾಡಿಯಲ್ಲಿ ಹಾಕಿಕೊಂಡು ಹೋದರು. ಮತ್ತೆ ಆ ತಂತಿಯೊಳಕ್ಕೆ ಹೋದನೋ, ದಾರಿಯಲ್ಲೇ ಸತ್ತನೋ ಯಾರೂ ವಿಚಾರಿಸಲಿಲ್ಲ. ಕೆಲವು ತಿಂಗಳಿಗೆ ಆ ಮೊಹರಿನ ಕಾಗದ ಬಂತು. ಆ ಕಾಗದದ ಕೆಳಗೆ ಎಪ್ಪತ್ತು ಎಂಬತ್ತು ವರ್ಷ ಪುಟ್ಟತ್ತೆ ಗುಡಿಸಿದ್ದಾಳೆ, ಉಂಡಿದ್ದಾಳೆ. ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಎಲ್ಲ ಹೇಳಿ ಮುಗಿಸಿ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀನಾದ್ರೂ ಕೊಟ್ಟೆಯಲ್ಲ ಮಗಾ. ಸಾಕು ಬುಡು" ಅಂದಳು.

ಅಲ್ಲಿಯೇ ನಿಜ ಹೇಳಿಬಿಡಬೇಕಿತ್ತು. "ಅತ್ತೆ, ಆ ಅಟ್ಟ ಎಲ್ಲಿತ್ತು?" ಅಂತ ಮಾತ್ರ ಅವಳ ಕಿವಿಗೆ ಬಾಯಿಟ್ಟು ಕೇಳಿದೆ. ಹಳೇ ಮನೆ ಕೆಡವಿದಾಗ ನಾನು ಕೂಸು, ನನಗೆ ನೆನಪಿಲ್ಲ. ಅವಳು ಕಿಟಕಿಯಿಂದ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ಅಲ್ಲೇ, ಆ ತಗಡಿನ ಮೇಲೆ" ಅಂದಳು.

ಎರಡು ಬಾಟಲಿ ನೀರು ತುಂಬಿಕೊಂಡು, ಯಜಮಾನರಿಗೆ ಹಸು ನೋಡಿ ಬರುತ್ತೇನೆ ಅಂತ ಹೇಳಿ ಹಳಿಯ ಮೇಲೆ ನಡೆದೆ. ತಿಪಟೂರಿನ ದಿಕ್ಕಿಗೆ, ಕತ್ತಲಾಗುವವರೆಗೂ. ಹಳಿ ನೋಡಿಕೊಳ್ಳುವ ಒಬ್ಬ ಸಿಕ್ಕಿದ. ಬೆಳಗಿನಿಂದ ಎರಡು ಗುಂಪು ಹೋದವು ಮೇಡಂ, ಒಂಟಿಯಾಗಿ ಹೋದವನು ಯಾರೂ ಇಲ್ಲ ಅಂದ. ಬಾಟಲಿಗಳನ್ನು ಹಾಗೇ ವಾಪಸ್ ತಂದೆ.

ಪುಟ್ಟತ್ತೆ ಅದಾದ ಮೇಲೆ ಒಂದು ತಿಂಗಳು ಚಿಲ್ಲರೆ ಬದುಕಿದ್ದಳು. ಕೊರೊನಾದಿಂದ ಅಲ್ಲ, ವಯಸ್ಸಿಗೆ ಹೋದಳು. ಆ ತಿಂಗಳಲ್ಲಿ ನೋಡಲು ಬಂದವರಿಗೆಲ್ಲ, ಹಾಲಿನವನಿಗೂ, "ಅವನು ಬಂದಿದ್ದ. ಇವಳು ನೀರು ಕೊಟ್ಳು" ಅಂತ ನನ್ನನ್ನು ತೋರಿಸಿ ಹೇಳುತ್ತಿದ್ದಳು. ಅವರಿಗೆ ಏನೂ ಅರ್ಥವಾಗದೆ ಹ್ಞೂಗುಟ್ಟುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿರುತ್ತಿದ್ದೆ. ಎಷ್ಟೋ ಸಲ ಅವಳ ಕಿವಿಯವರೆಗೂ ಬಾಯಿ ಒಯ್ದಿದ್ದೇನೆ. ಅವಳ ಮುಖದಲ್ಲಿದ್ದ ನೆಮ್ಮದಿ ನೋಡಿ ಸುಮ್ಮನಾಗಿದ್ದೇನೆ. ಅವಳು ಸುಖವಾಗಿ ಸತ್ತಳು. ಆ ಸುಖ ನನ್ನ ಸುಳ್ಳಿನದು.

ವಿವರಣೆ ಕೊಡಲು ನಾನೂ ನೋಡಿದ್ದೇನೆ. ಅಕ್ಕವ್ವ ಅನ್ನುವುದು ನಿಜವಾದ ಮಾತೇ. ಕೊಟ್ಟಿಗೆ ಮೇಲೆ ಅವನು ಹಕ್ಕಿ ತೋರಿಸಿರಬಹುದು. ಮುದುಕರಿಗೆ ಇಲ್ಲದ ಸದ್ದು ಕೇಳಿಸುವುದು ಹೊಸತಲ್ಲ. ಅವನ ಬೆನ್ನಿಗೆ ತುಂಡು ಬಟ್ಟೆ ಇತ್ತೇ ಅಂತ ಕೇಳಿಕೊಂಡರೆ, ಪಕ್ಕಕ್ಕೆ ತಿರುಗಿದಾಗ ಇತ್ತು ಅನ್ನಿಸುತ್ತದೆ. ಅತ್ತೆ ಹೇಳಿದ ಮೇಲೆ ನನ್ನ ಮನಸ್ಸೇ ಅದನ್ನು ಹೊಲಿದಿರಲೂ ಬಹುದು. ಮತ್ತೆ, ಅದೇ ವಾರ ಅರಸೀಕೆರೆಯ ಆಚೆ ಹಳಿಯ ಪಕ್ಕ ಒಬ್ಬ ಎಚ್ಚರ ತಪ್ಪಿ ಬಿದ್ದಿದ್ದನಂತೆ, ಆಸ್ಪತ್ರೆಗೆ ಸೇರಿಸಿದರಂತೆ ಅನ್ನುವ ಸುದ್ದಿ ಬಂತು. ಅಲ್ಲಿನ ನರ್ಸಿಗೆ ಫೋನ್ ಮಾಡಿ, ಯಾವ ಕಡೆಯವನು, ಏನು ಹೆಸರು ಅಂತ ಕೇಳಿದೆ. "ಮಾತೇ ಆಡ್ಲಿಲ್ಲ ಸಿಸ್ಟರ್. ಮಾರನೇ ದಿನ ಬೇರೆ ಕಡೆ ಕಳಿಸಿದ್ರು, ಎಲ್ಲಿಗೆ ಅಂತ ನಂಗೆ ಗೊತ್ತಿಲ್ಲ" ಅಂದಳು. ಆಮೇಲೆ ಎಷ್ಟು ಕಡೆ ವಿಚಾರಿಸಿದರೂ ಸುಳಿವು ಸಿಗಲಿಲ್ಲ.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಯಜಮಾನರಿಗೆ ಕೂಡ ಈ ಸುಳ್ಳಿನ ವಿಷಯ ಹೇಳಿಲ್ಲ, ಇದನ್ನು ಓದಿದರೆ ಅವರಿಗೂ ತಿಳಿಯುತ್ತದೆ. ಒಂದೊಂದು ಮಧ್ಯಾಹ್ನ ಜಗಲಿಯ ಮೇಲೆ ಕೂತಾಗ ನನ್ನಷ್ಟಕ್ಕೆ ನಾನೇ ಬೇಡಿಕೊಳ್ಳುತ್ತೇನೆ. ಅವತ್ತು ಬಂದವನು ಆ ಇಟಲಿಯವನೇ ಆಗಿರಲಿ, ಸತ್ತು ಎಷ್ಟೋ ವರ್ಷವಾದವನೇ ಆಗಿರಲಿ ಅಂತ. ಅವನಾಗಿದ್ದರೆ ನಾನು ಒಂದು ನೆರಳನ್ನು ಗದರಿ ಕಳಿಸಿದೆ, ಅಷ್ಟೇ. ಅವನಲ್ಲದಿದ್ದರೆ, ಎಲ್ಲೋ ಒಂದು ಊರಿನಲ್ಲಿ ಯಾರೋ ದಾರಿ ಕಾಯುತ್ತಿದ್ದ ಒಬ್ಬ ಮನುಷ್ಯ ನನ್ನ ಗೇಟಿನ ಮುಂದೆ ನಿಂತು ನನ್ನನ್ನು ಅಕ್ಕಾ ಅಂತ ಕರೆದಿದ್ದ. ಯಾವುದು ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.